ರಾತ್ರಿ ಕಾಲ್ ಇರುವ ದಿನ ಬೆಳಿಗ್ಗೆ ತಡವಾಗಿ ಶುರುವಾಗಲಿ

ನವೆಂಬರ್ ತಿಂಗಳ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಮಾರನೇ ದಿನದಿಂದ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತು ಬದಲಾಗುತ್ತದೆ. ಕ್ಯಾಲಿಫೋರ್ನಿಯಾದವರ ಬೆಳಿಗ್ಗೆ 8ರ ಮೀಟಿಂಗ್ ಅಲ್ಲಿಯವರೆಗೆ ನಮಗೆ ರಾತ್ರಿ 8.30ಕ್ಕೆ ಇರುತ್ತದೆ. ಆಮೇಲೆ ಮಾರ್ಚ್‌ವರೆಗೂ 9.30ಕ್ಕೆ.

ಐಟಿ ಉದ್ಯೋಗಿಗಳಿಗೆ ಆಪ್ತಸಮಾಲೋಚನೆ ಮಾಡುವುದು ನನ್ನ ಕೆಲಸ. "ಮೊದಲಿನಷ್ಟು ಕೆಲಸ ಆಗ್ತಿಲ್ಲ ಮೇಡಂ, ಸೋಮಾರಿ ಆಗಿಬಿಟ್ಟಿದೀನಿ ಅನ್ಸುತ್ತೆ" ಎಂದು ಬರುವವರು ತುಂಬಾ ಜನ. ಅವರ ಫೋನಿನಲ್ಲಿ ಟು-ಡೂ ಆ್ಯಪ್ ಇರುತ್ತದೆ. ಬೆಳಿಗ್ಗೆ 5ಕ್ಕೆ ಏಳುವ ಹಟವೂ ಇರುತ್ತದೆ. ಅದನ್ನೆಲ್ಲ ಪಕ್ಕಕ್ಕಿಟ್ಟು ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ನಿನ್ನೆ ಆಫೀಸಿನ ಮೊದಲ ಮೆಸೇಜ್ ನೋಡಿದ್ದು ಎಷ್ಟೊತ್ತಿಗೆ? ಕೊನೆಯದು ಎಷ್ಟೊತ್ತಿಗೆ?

ಬೆಳಿಗ್ಗೆ 8, ರಾತ್ರಿ 11. ಇಂಥ ಉತ್ತರ ಅಪರೂಪವಲ್ಲ. ಅಂದರೆ 15 ಗಂಟೆ. ಕೂಡಲೇ ಅವರೇ ಸೇರಿಸುತ್ತಾರೆ: "ಅಷ್ಟೂ ಹೊತ್ತು ಕೆಲಸ ಮಾಡಿಲ್ಲ, ಸಂಜೆ ಸುಮ್ನೆ ಫ್ರೀ ಇದ್ದೆ."

ತೊಂದರೆ ಕೂತಿರುವುದು ಆ "ಫ್ರೀ" ಹೊತ್ತಿನಲ್ಲೇ. 9.30ಕ್ಕೆ ಕಾಲ್ ಇದೆ ಎಂದು ಗೊತ್ತಿರುವವರ ಸಂಜೆ, ಒಲೆಯ ಮೇಲೆ ಹಾಲಿಟ್ಟು ಪಕ್ಕದ ಕೋಣೆಯಲ್ಲಿ ಕೂತ ಹಾಗಿರುತ್ತದೆ. ಟಿವಿ ನೋಡುತ್ತಾರೆ, ಮನಸ್ಸು ಅಲ್ಲಿಲ್ಲ. ಹೆಂಗಸರ ಮಟ್ಟಿಗಂತೂ ಆ ಹೊತ್ತನ್ನು ಬಿಡುವು ಎನ್ನುವುದೇ ತಪ್ಪು. 6.30ಕ್ಕೆ ಕ್ಯಾಬ್ ಇಳಿದರೆ ಮಗುವಿನ ಹೋಂವರ್ಕ್, ಅಡುಗೆ, ಅತ್ತೆಯ ಮಾತ್ರೆ, ಮರುದಿನದ ಟಿಫನ್‌ಗೆ ನೆನೆಹಾಕುವುದು. ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕೂರುವಾಗ ಅವರು ಮೂರನೇ ಪಾಳಿಯಲ್ಲಿರುತ್ತಾರೆ. ಆದರೂ "ನಾನೇ ಟೈಮ್ ಸರಿಯಾಗಿ ಬಳಸ್ತಿಲ್ಲ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದನ್ನು ಕೇಳುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನ್ ಸೊನೆನ್‌ಟಾಗ್ ಈ ವಿಷಯದ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. ದೇಹ ಆಫೀಸಿನಿಂದ ಹೊರಬಂದರೆ ಸಾಲದು, ಮನಸ್ಸೂ ಕೆಲಸದಿಂದ ಕಳಚಿಕೊಳ್ಳಬೇಕು, ಆಗ ಮಾತ್ರ ದಣಿವು ತೀರುತ್ತದೆ ಎಂಬುದು ಅವರ ಮುಖ್ಯ ಮಾತು. ಬರಲಿರುವ ಕಾಲ್ ಈ ಕಳಚಿಕೊಳ್ಳುವುದನ್ನೇ ತಡೆಯುತ್ತದೆ. ರಾತ್ರಿ ತೀರದ ದಣಿವು ಬೆಳಿಗ್ಗೆ ಮೇಜಿನ ಮುಂದೆ ಕಾಣಿಸಿಕೊಳ್ಳುತ್ತದೆ. ಅದನ್ನೇ ನಾವು ಸೋಮಾರಿತನ ಅಂದುಕೊಳ್ಳುತ್ತೇವೆ.

2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೊಡ್ಡ ಚರ್ಚೆಯಾಯಿತು. ಆ ಸಂಖ್ಯೆಗೆ ಸಂಬಂಧಿಸಿದ ಹಳೆಯ ಲೆಕ್ಕವೊಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಹೆಂಗಸರು ಎಷ್ಟು ಗಂಟೆ ದುಡಿದರು, ಎಷ್ಟು ತಯಾರಿಸಿದರು ಎಂಬುದನ್ನು ದಾಖಲಿಸಿದ್ದರು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಆ ಅಂಕಿಗಳನ್ನು ಮತ್ತೆ ಜಾಲಾಡಿದರು. ವಾರಕ್ಕೆ ಸುಮಾರು 49 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚಿನ ಗಂಟೆಯ ಫಲ ಇಳಿಯುತ್ತಾ ಹೋಗಿತ್ತು. 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆಯವರದಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಕೋಡ್ ಬರೆಯುವುದು ಗುಂಡು ತಯಾರಿಸಿದಂತಲ್ಲ, ನಿಜ. ಆದರೆ ದಣಿದ ತಲೆ ರಾತ್ರಿ 11ಕ್ಕೆ ಬರೆದ ಕೋಡಿನ ತಪ್ಪು ಹುಡುಕಲು ಮರುದಿನದ ಅರ್ಧ ಹೊತ್ತು ಹೋಗುತ್ತದೆ, ಅಲ್ವಾ?

ಆರೋಗ್ಯದ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅದನ್ನು ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು.

ಆದರೆ ಬರೀ ಗಂಟೆ ಎಣಿಸಿದರೂ ನಮ್ಮ ಊರಿನ ಐಟಿ ದಿನ ಅರ್ಥವಾಗುವುದಿಲ್ಲ. 9 ಗಂಟೆಯ ಕೆಲಸವೇ 15 ಗಂಟೆಗಳ ಉದ್ದಕ್ಕೂ ಹರಡಿಕೊಂಡಿರಬಹುದು. 1948ರ ಕಾರ್ಖಾನೆ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ದಿನಕ್ಕೆ 9 ಗಂಟೆಯ ಮಿತಿ ಹಾಕಿ ಅವರು ಸುಮ್ಮನಾಗಲಿಲ್ಲ. ಊಟ, ವಿರಾಮ ಎಲ್ಲ ಸೇರಿ ಕೆಲಸದ ಶುರುವಿನಿಂದ ಮುಗಿತಾಯದವರೆಗಿನ ಹರವು ಸಾಮಾನ್ಯವಾಗಿ ಹತ್ತೂವರೆ ಗಂಟೆ ಮೀರಬಾರದು ಎಂದೂ ಬರೆದರು. ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ ಈ ಹರವಿನ ಮಾತೇ ಮರೆತುಹೋಗಿದೆ.

ಹಾಗಾಗಿ ನನ್ನ ಬಳಿ ಬಂದವರಿಗೆ ಮೊದಲು ಹೇಳುವುದು ಹರವನ್ನು ಅಳೆಯಿರಿ ಎಂದು. ಒಂದು ವಾರ, ದಿನಕ್ಕೆ ಎರಡೇ ಸಮಯ ಬರೆಯಿರಿ: ಮೊದಲ ಮೆಸೇಜ್, ಕೊನೆಯ ಮೆಸೇಜ್. ಆಮೇಲೆ ರಾತ್ರಿ ಕಾಲ್ ಇರುವ ದಿನಗಳಲ್ಲಿ ಬೆಳಗಿನ ಶುರುವನ್ನು ಮುಂದಕ್ಕೆ ಹಾಕಿ. ರಾತ್ರಿ 10.30ಕ್ಕೆ ಮುಗಿಯುವ ದಿನ 12ಕ್ಕೆ ಶುರುವಾಗಲಿ. ಅದು ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣಬೇಕು. ಗುಟ್ಟಾಗಿ ತಡವಾಗಿ ಲಾಗಿನ್ ಆದರೆ ಮನಸ್ಸು 9ರಿಂದಲೇ ಅಪರಾಧಿಯ ಹಾಗೆ ಕಾಯುತ್ತಿರುತ್ತದೆ, ಅದರಿಂದ ಪ್ರಯೋಜನವಿಲ್ಲ.

ಕಾಲ್ ಮುಗಿದ ಮೇಲೆ ಐದು ನಿಮಿಷ ಇನ್ನೊಂದು ಕೆಲಸವಿದೆ. ನಾಳೆ ಮಾಡಬೇಕಾದ್ದನ್ನು ಕಾಗದದ ಮೇಲೆ ಬರೆದಿಡಿ. 2018ರಲ್ಲಿ ಪ್ರಕಟವಾದ ಬೇಲರ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ಮಲಗುವ ಮೊದಲು ಮುಂದಿನ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ ಕೆಲಸಗಳ ಪಟ್ಟಿ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಪ್ರಯೋಗ ಚಿಕ್ಕದು. ಆದರೆ ಖರ್ಚಿಲ್ಲದ ಉಪಾಯ, ನನ್ನ ಬಳಿ ಬರುವವರಲ್ಲಿ ಹಲವರಿಗೆ ಹಿಡಿಸಿದೆ.

ಇಷ್ಟು ಮಾಡಿಯೂ ಎರಡು ವಾರ ನಿದ್ದೆ ಸರಿಹೋಗದಿದ್ದರೆ, ಇಷ್ಟವಿದ್ದ ಕೆಲಸದ ಮೇಲೇ ಜಿಗುಪ್ಸೆ ಬಂದಿದ್ದರೆ, ಅದು ವೇಳಾಪಟ್ಟಿಯಿಂದ ಸರಿಯಾಗುವ ವಿಷಯವಲ್ಲ. ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮ್ಯಾನೇಜರ್‌ಗಳ ಪಾಲು. ಒಬ್ಬ ಉದ್ಯೋಗಿ ಒಂಟಿಯಾಗಿ ಸರಿಮಾಡಿಕೊಳ್ಳಲು ಆಗುವುದು ಸ್ವಲ್ಪವೇ. ಯಾವ ಕಾಲ್‌ಗೆ ಇಡೀ ಟೀಮ್ ಬೇಕು, ಯಾವುದಕ್ಕೆ ಅರ್ಧ ಪುಟದ ಹ್ಯಾಂಡೋವರ್ ಟಿಪ್ಪಣಿ ಸಾಕು ಎಂದು ನೀವೇ ಕೂತು ವಿಂಗಡಿಸಿ. ಇಬ್ಬರು ಸಾಕಾಗುವ ಕಾಲ್‌ಗೆ ಸರದಿ ಹಾಕಿ. ತಡವಾಗಿ ಶುರುಮಾಡುವವರ ಹೆಸರಿನ ಮುಂದೆ ಬೆಳಿಗ್ಗೆ ಚಾಟ್‌ನಲ್ಲಿ ಹಸಿರು ಚುಕ್ಕೆ (ಆನ್‌ಲೈನ್ ಇದ್ದಾರೆ ಎಂಬ ಗುರುತು) ಇಲ್ಲ ಎಂದು ಮೆಸೇಜ್ ಮಾಡಬೇಡಿ. ಅಮೆರಿಕದ ಟೀಮಿಗೂ ಧೈರ್ಯವಾಗಿ ಒಂದು ಮಾತು ಕೇಳಿ: ಒಂದು ವಾರ ನಮ್ಮ ರಾತ್ರಿ, ಇನ್ನೊಂದು ವಾರ ನಿಮ್ಮ ಸಂಜೆ. ಕ್ಯಾಲಿಫೋರ್ನಿಯಾದವರ ಸಂಜೆ 7 ಗಂಟೆ ಅಂದರೆ ನವೆಂಬರ್ ನಂತರ ನಮಗೆ ಬೆಳಿಗ್ಗೆ 8.30. ಕಾಫಿ ಕುಡಿದು ಕೂರಬಹುದಾದ ಹೊತ್ತು. ಹೀಗೆ ಕೇಳಿದ ಟೀಮುಗಳಿಗೆ ಆ ಕಡೆಯವರು ಒಪ್ಪಿದ್ದನ್ನು ನಾನು ನೋಡಿದ್ದೇನೆ. ಅಲ್ಲಿಯವರೆಗೂ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.