ಮಾಡೆಲ್‌ನ ಮರಕ್ಕೆ ಸೆಖೆಯೇ ಆಗಿರಲಿಲ್ಲ

ಗಾಳಿಯ ಮಾಲಿನ್ಯವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ನಮ್ಮಂಥವರಿಗೆ 2003ರ ಆಗಸ್ಟ್ ಒಂದು ಹಳೇ ಪರೀಕ್ಷೆ. ಆ ತಿಂಗಳ ಮೊದಲ ಎರಡು ವಾರ ಪಶ್ಚಿಮ ಯುರೋಪ್ ಬೆಂದುಹೋಯಿತು. 10ನೇ ತಾರೀಖು ಇಂಗ್ಲೆಂಡಿನ ಫ್ಯಾವರ್‌ಶಮ್‌ನಲ್ಲಿ 38.5 ಡಿಗ್ರಿ. ಫ್ರಾನ್ಸ್‌ನಲ್ಲಿ ಮಾಮೂಲಿಗಿಂತ ಸುಮಾರು 15,000 ಜನ ಜಾಸ್ತಿ ಸತ್ತರು. ಸೆಖೆಯ ಜೊತೆಗೆ ಉಸಿರಿಗೆ ಕೆಡುಕು ಮಾಡುವ ನೆಲಮಟ್ಟದ ಓಝೋನ್ ಕೂಡ ಏರಿತ್ತು. ಘನ ಮೀಟರ್‌ಗೆ 180 ಮೈಕ್ರೋಗ್ರಾಂ ದಾಟಿದರೆ ಯುರೋಪಿನಲ್ಲಿ ಜನರಿಗೆ ತಿಳಿಸಬೇಕು, 240 ದಾಟಿದರೆ ಎಚ್ಚರಿಕೆ ಕೊಡಬೇಕು. ಆ ದಿನಗಳಲ್ಲಿ ಎಷ್ಟೋ ಕಡೆ 180 ಮತ್ತೆ ಮತ್ತೆ ದಾಟಿತು.

ಕೆಲಸ ಕಲಿಯುವಾಗ ನಾನೂ ಈ ಹದಿನೈದು ದಿನಗಳನ್ನು ಮಾಡೆಲ್‌ನಲ್ಲಿ ಓಡಿಸಿದ್ದೆ. ಉಷ್ಣಾಂಶ ಪರವಾಗಿಲ್ಲ ಅನ್ನುವಷ್ಟು ಹೊಂದಿತು. ಓಝೋನ್ ಮಾತ್ರ ಮಧ್ಯಾಹ್ನ ಮೂರರ ಹೊತ್ತಿಗೆ ಅಳತೆಗಿಂತ ಎಷ್ಟೋ ಕೆಳಗೆ. ರಾಸಾಯನಿಕ ಕ್ರಿಯೆಗಳ ಪಟ್ಟಿಯ ಮೇಲೆ ಅನುಮಾನಪಟ್ಟು ಒಂದು ವಾರ ಅದನ್ನೇ ಕೆದಕಿದೆ. ತಪ್ಪು ಅಲ್ಲಿರಲೇ ಇಲ್ಲ. ಮರಗಳಿಂದ ಹೊರಡುವ ಅನಿಲದ ಲೆಕ್ಕವನ್ನು ತಿಂಗಳ ಸರಾಸರಿ ಉಷ್ಣಾಂಶಕ್ಕೆ ಕಟ್ಟಿಟ್ಟಿದ್ದೆ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ನನ್ನ ಮರಗಳು ತಣ್ಣಗೆ ಕೂತಿದ್ದವು.

ಓಝೋನ್ ಯಾವ ಹೊಗೆಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ, ಗಾಳಿಯಲ್ಲೇ ಹುಟ್ಟುತ್ತದೆ. ವಾಹನ ಉಗುಳುವ ನೈಟ್ರೋಜನ್ ಡೈಆಕ್ಸೈಡನ್ನು ಬಿಸಿಲು ಒಡೆಯುತ್ತದೆ. ಬಿಡಿಯಾದ ಆಮ್ಲಜನಕದ ಪರಮಾಣು ಗಾಳಿಯ ಆಮ್ಲಜನಕದ ಜೊತೆ ಸೇರಿ ಓಝೋನ್ ಆಗುತ್ತದೆ. ಉಳಿದ ನೈಟ್ರಿಕ್ ಆಕ್ಸೈಡ್ ಅದೇ ಓಝೋನನ್ನು ತಿಂದು ಮತ್ತೆ ಡೈಆಕ್ಸೈಡ್ ಆಗುತ್ತದೆ. ಇಷ್ಟೇ ಆಗಿದ್ದರೆ ಕೊಟ್ಟಿದ್ದಕ್ಕೂ ತಗೊಂಡಿದ್ದಕ್ಕೂ ಸರಿಹೋಗುತ್ತಿತ್ತು. ಆದರೆ ಪೆಟ್ರೋಲ್ ಆವಿ, ಪೇಂಟಿನ ಆವಿ, ಮರಗಳು ಬಿಡುವ ಐಸೊಪ್ರೀನ್ ಅನ್ನೋ ಅನಿಲ ಇಂಥವು ನಡುವೆ ಬಂದು ಓಝೋನ್ ಖರ್ಚಾಗದಂತೆ ಡೈಆಕ್ಸೈಡನ್ನು ವಾಪಸ್ ತಯಾರಿಸಿ ಕೊಡುತ್ತವೆ. ಓಝೋನ್ ಕೂಡಿಕೊಳ್ಳುವುದು ಹೀಗೆ.

ಸುಡುಬಿಸಿಲಲ್ಲಿ ನೀಲಗಿರಿ ತೋಪಿನೊಳಗೆ ನಡೆದರೆ ಘಮ್ ಅಂತ ಮೂಗಿಗೆ ಹೊಡೆಯುತ್ತದಲ್ವಾ? ಅದು ಈ ಐಸೊಪ್ರೀನ್‌ನ ನೆಂಟರ ವಾಸನೆ. ಎಲೆ ಬಿಸಿಯಾದಷ್ಟೂ ಐಸೊಪ್ರೀನ್ ಜಾಸ್ತಿ ಬರುತ್ತದೆ, ಸುಮಾರು 40 ಡಿಗ್ರಿವರೆಗೂ. ಅದೂ ಒಂದೇ ಸಮನೆ ಏರುವುದಿಲ್ಲ, ಮೇಲೆ ಹೋದ ಹಾಗೆಲ್ಲ ಜೋರಾಗಿ ಏರುತ್ತದೆ. ಹಾಗಾಗಿ ಸರಾಸರಿ ಹಾಕಿದರೆ ಕೆಟ್ಟಂತೆಯೇ. ಗಂಟೆಗಂಟೆಯ ಉಷ್ಣಾಂಶ ಕೊಟ್ಟ ಮೇಲೆ ನನ್ನ ಮಾಡೆಲ್‌ನ ಓಝೋನ್ ಗೆರೆ ಏರಿತು. ಅಳತೆಯನ್ನು ಆಗಲೂ ಮುಟ್ಟಲಿಲ್ಲ.

ಎಲೆಗೆ ಇನ್ನೊಂದು ಕೆಲಸ ಇದೆ. ತನ್ನ ಪತ್ರರಂಧ್ರಗಳಿಂದ ಓಝೋನನ್ನು ಒಳಗೆ ಎಳೆದುಕೊಳ್ಳುತ್ತದೆ. ನೆಲದ ಹತ್ತಿರದ ಓಝೋನ್ ಕಡಿಮೆಯಾಗುವ ದೊಡ್ಡ ದಾರಿ ಅದು. ಮಣ್ಣು ಒಣಗಿದರೆ ಗಿಡ ನೀರು ಉಳಿಸಲು ಬಾಯಿ ಮುಚ್ಚಿಕೊಳ್ಳುತ್ತದೆ. ಓಝೋನ್ ಗಾಳಿಯಲ್ಲೇ ಉಳಿಯುತ್ತದೆ. 2003ರಲ್ಲಿ ಯುರೋಪಿನ ವಸಂತವೇ ಒಣಗಿತ್ತು, ಆಗಸ್ಟ್ ಹೊತ್ತಿಗೆ ಮಣ್ಣಲ್ಲಿ ಪಸೆ ಇರಲಿಲ್ಲ. ನಾನು ಮಾಡೆಲ್‌ನ ರನ್, ಅಂದರೆ ಲೆಕ್ಕದ ಓಟ, ಶುರು ಮಾಡಿದ್ದು ಆ ಹದಿನೈದು ದಿನಗಳಿಗೆ ಬರೀ ಐದು ದಿನ ಮುಂಚಿನ ತಾರೀಖಿನಿಂದ. ಅನಿಲಗಳು ಒಂದು ಹದಕ್ಕೆ ಬರಲು ಅಷ್ಟು ಸಾಕು. ಮಣ್ಣಿಗೆ ತಿಂಗಳುಗಳೇ ಬೇಕು. ಹಸಿ ಮಣ್ಣಿನ ಮೇಲೆ ಹಸಿರು ಗಿಡ ಇಟ್ಟುಕೊಂಡು ಬರಗಾಲದ ಓಝೋನ್ ಹುಡುಕುತ್ತಿದ್ದೆ, ನೋಡಿ.

ರಾತ್ರಿಯದ್ದು ಬೇರೆಯೇ ಕಥೆ. ಹಗಲು ನೆಲದ ಬಿಸಿಗೆ ಗಾಳಿ ಎರಡು ಮೂರು ಕಿಲೋಮೀಟರ್ ಎತ್ತರದವರೆಗೆ ಕಲಸಿಕೊಳ್ಳುತ್ತದೆ. ಸಂಜೆಯಾದರೆ ಕೆಳಗಿನ ಪದರ ಒಂದೆರಡು ನೂರು ಮೀಟರ್‌ಗೆ ಇಳಿಯುತ್ತದೆ. ಅದರೊಳಗಿನ ಓಝೋನ್ ಕರಗುತ್ತದೆ, ಮೇಲೆ ಸಿಕ್ಕಿಕೊಂಡಿದ್ದು ಹಾಗೇ ಇರುತ್ತದೆ. ಬೆಳಗ್ಗೆ ಗಾಳಿ ಮತ್ತೆ ಕಲಸಿದಾಗ ನಿನ್ನೆಯದು ಹೆಪ್ಪಿನಂತೆ ಕೆಳಗೆ ಬೀಳುತ್ತದೆ. ಗಾಳಿ ಬೀಸದೆ ನಿಂತ ವಾರದಲ್ಲಿ ಪ್ರತಿ ದಿನ ಹಿಂದಿನ ದಿನದ ಹೆಪ್ಪು. ಮಾಡೆಲ್‌ನಲ್ಲಿ ನೆಲದ ಹತ್ತಿರ ಎರಡು ಮೂರೇ ಪದರ ಇಟ್ಟರೆ ಇದು ಕಾಣುವುದೇ ಇಲ್ಲ. ಗ್ರಿಡ್, ಅಂದರೆ ಮಾಡೆಲ್ ನೆಲವನ್ನು ಹಂಚಿಕೊಳ್ಳುವ ಚೌಕಗಳನ್ನು, ಸಣ್ಣದು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ, ಕಂಪ್ಯೂಟರ್ ಸಮಯ ಸ್ವಲ್ಪವೇ ಇದ್ದಾಗ ಅದನ್ನು ಮೊದಲು ಪದರಗಳಿಗೆ ಖರ್ಚು ಮಾಡಿ.

ಹೊಗೆಯನ್ನೂ ಮರೆಯಬಾರದು. ಆ ವರ್ಷ ಪೋರ್ಚುಗಲ್‌ನಲ್ಲಿ 4 ಲಕ್ಷ ಹೆಕ್ಟೇರ್‌ಗಿಂತ ಜಾಸ್ತಿ ಸುಟ್ಟಿತು. ಉಪಗ್ರಹ ಕಂಡ ಬೆಂಕಿಯ ಫೈಲ್ ಸೇರಿಸದಿದ್ದರೆ ಸಣ್ಣ ಕಣಗಳ ಲೆಕ್ಕ ತಪ್ಪುತ್ತದೆ.

ಇಷ್ಟಾದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಇದರಲ್ಲಿ ಮರದ ಪಾಲೆಷ್ಟು? ಮರದ ಅನಿಲ ಪೂರ್ತಿ ತೆಗೆದು ಒಂದು ರನ್, ಇಟ್ಟು ಒಂದು ರನ್, ಎರಡನ್ನೂ ಕಳೆದರೆ ಒಂದು ಸಂಖ್ಯೆ ಬರುತ್ತದೆ. ವಾಹನಗಳನ್ನು ತೆಗೆದೂ ಹಾಗೇ ಮಾಡಬಹುದು. ಎರಡು ಪಾಲನ್ನೂ ಕೂಡಿ ನೋಡಿ, ನೂರಕ್ಕೆ ನೂರು ಆಗುವುದಿಲ್ಲ. ಒಂದರ ಪರಿಣಾಮ ಇನ್ನೊಂದರ ಮೇಲೆ ನಿಂತಿದೆ. ನೈಟ್ರೋಜನ್ ಆಕ್ಸೈಡ್ ಇಲ್ಲದ ಕಡೆ ಐಸೊಪ್ರೀನ್ ಓಝೋನ್ ಮಾಡಲಾರದು. ಹಾಗಾಗಿ ಆ ಸಂಖ್ಯೆ ಹಿಡಿದು ಮರದ ಮೇಲೆ ಗೂಬೆ ಕೂರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈಗ ಬೆಂಗಳೂರಿನ 2024ರ ಏಪ್ರಿಲ್ ಓಡಿಸುತ್ತಿದ್ದೇನೆ. 28ನೇ ತಾರೀಖು 38.5 ಡಿಗ್ರಿ. ಫ್ಯಾವರ್‌ಶಮ್‌ನ ಅದೇ ಅಂಕಿ, ಸುಮ್ನೆ ಕಾಕತಾಳೀಯ. ಈ ಸಲ ಮಣ್ಣನ್ನು ಹಿಂದಿನ ವರ್ಷದ ಮುಂಗಾರಿನಿಂದಲೇ ಓಡಿಸಿಕೊಂಡು ಬಂದಿದ್ದೇನೆ. ಮರಗಳ ಫೈಲ್ ತೆಗೆದು ನೋಡಿದರೆ ಕಬ್ಬನ್ ಪಾರ್ಕ್ ಇರುವ ಚೌಕಕ್ಕೆ 'ಕಟ್ಟಡ' ಅಂತ ಬರೆದಿದೆ. ಮೊದಲು ಅದನ್ನು ತಿದ್ದಬೇಕು.