ಬರಹದ ದಾಖಲೆ ಇದ್ದಮೇಲೆ ಕೋರ್ಟಿನ ಟೇಪ್ ಯಾಕೆ?

ಪ್ರಶ್ನೆ: ನಾಜಿಗಳ ಯುದ್ಧಾಪರಾಧ ವಿಚಾರಣೆಗಳ ಹಳೆಯ ಧ್ವನಿಮುದ್ರಣ ಉಳಿಸಲು ಅಷ್ಟೊಂದು ಖರ್ಚು, ಶ್ರಮ ಯಾಕೆ? ಕೋರ್ಟಿನಲ್ಲಿ ಆಡಿದ್ದೆಲ್ಲ ಬರಹದಲ್ಲಿ ಇರುತ್ತದಲ್ಲವೇ?

ಉತ್ತರ: ನ್ಯೂರೆಂಬರ್ಗ್‌ನ ಮಟ್ಟಿಗೆ ನಿಮ್ಮ ಮಾತು ನಿಜ. 1945-46ರಲ್ಲಿ ಜರ್ಮನಿಯ ಆ ಊರಿನಲ್ಲಿ ನಾಜಿ ನಾಯಕರ ಮೇಲೆ ನಡೆದ ವಿಚಾರಣೆಯನ್ನು ಶೀಘ್ರಲಿಪಿಕಾರರು ಬರೆದುಕೊಂಡಿದ್ದರು. ಆದರೆ ಅಲ್ಲಿ ನಾಲ್ಕು ಭಾಷೆಗಳಲ್ಲಿ ಏಕಕಾಲಕ್ಕೆ ಅನುವಾದ ನಡೆಯುತ್ತಿತ್ತು. ಅನುವಾದಕರು ಅವಸರದಲ್ಲಿ ಏನನ್ನಾದರೂ ಬಿಟ್ಟರೇ ಎಂದು ನೋಡಲು ಆಡಿದವರ ದನಿಯೇ ಬೇಕು. 775 ಗಂಟೆಗಳ ಆ ಧ್ವನಿ 1,942 ಗ್ರಾಮಫೋನ್ ಡಿಸ್ಕ್‌ಗಳಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ವಶದಲ್ಲಿದೆ.

ಫ್ರಾಂಕ್‌ಫರ್ಟ್‌ನ ಕಥೆಯೇ ಬೇರೆ. ನಾಜಿಗಳು ಸಾಮೂಹಿಕ ಕೊಲೆ ನಡೆಸಿದ ಆಶ್ವಿಟ್ಸ್ ಶಿಬಿರದ ಸಿಬ್ಬಂದಿಯ ಮೇಲೆ 1963ರ ಡಿಸೆಂಬರ್‌ನಿಂದ 1965ರ ಆಗಸ್ಟ್‌ವರೆಗೆ ನಡೆದ ಆ ವಿಚಾರಣೆಯಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಪದಪದವಾಗಿ ಬರೆದಿಡಲೇ ಇಲ್ಲ. ಜರ್ಮನಿಯ ಅಂಥ ಕೋರ್ಟುಗಳಲ್ಲಿ ಆ ಪದ್ಧತಿ ಇರಲಿಲ್ಲ. 'ನ್ಯಾಯಾಲಯದ ನೆನಪಿಗೆ ಆಸರೆಯಾಗಿ' ಎಂದು ಹೇಳಿ, ಸಾಕ್ಷಿಗಳ ಒಪ್ಪಿಗೆ ಕೇಳಿ ಟೇಪ್ ಮಾಡಿಕೊಂಡರು. ಕೆಲಸ ಮುಗಿದ ಮೇಲೆ ಅಳಿಸಿಹಾಕುವುದೆಂದೇ ಇತ್ತು! ಆಶ್ವಿಟ್ಸ್‌ನಿಂದ ಬದುಕಿ ಬಂದ ಹರ್ಮನ್ ಲಾಂಗ್‌ಬೈನ್ ಪಟ್ಟು ಹಿಡಿದದ್ದರಿಂದ ಅವು ಉಳಿದವು. 103 ಟೇಪ್, ಸುಮಾರು 430 ಗಂಟೆ, 300ಕ್ಕೂ ಹೆಚ್ಚು ಸಾಕ್ಷಿಗಳು. ಇವತ್ತು ನಾವು ಓದುವ ಲಿಖಿತ ಪಠ್ಯವೇ ಆ ಟೇಪ್ ಕೇಳಿ ಬರೆದದ್ದು. 2017ರಲ್ಲಿ ಯುನೆಸ್ಕೋ ಇವನ್ನು 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು.

ಇನ್ನು, ಬರಹಕ್ಕೆ ಸಿಗದ್ದೂ ಇದೆ. ಬದುಕುಳಿದವರು ಉತ್ತರಿಸುವ ಮುಂಚಿನ ಮೌನ, ದುಭಾಷಿಯ ದನಿಯ ಜೊತೆಗೆ ಕೇಳುವ ಪೋಲಿಷ್ ಮಾತು. ಕೊನೆಗೆ ತೀರ್ಪು ಓದುವಾಗ ನ್ಯಾಯಾಧೀಶ ಹಾನ್ಸ್ ಹಾಫ್‌ಮೇಯರ್ ಅವರ ಗಂಟಲು ಕಟ್ಟುವುದು ಕೂಡ. ನನಗಂತೂ ಇದೊಂದೇ ಕಾರಣ ಸಾಕು.

ಉಳಿಸುವ ಕೆಲಸ ಮಾತ್ರ ನಾಜೂಕಿನದು. ಹಳೆಯ ಟೇಪ್ ಕೇಳಿದವರಿಗೆ ಗೊತ್ತಿರುತ್ತದೆ: ಮಾತು ಶುರುವಾಗುವ ಮೊದಲೇ ಅದರ ಕ್ಷೀಣ ಪ್ರತಿಧ್ವನಿ ಕೇಳುತ್ತದೆ. ಒಂದು ಸುತ್ತಿನ ಕಾಂತೀಯತೆ ಪಕ್ಕದ ಸುತ್ತಿಗೆ ಇಳಿದಿರುವುದೇ ಇದಕ್ಕೆ ಕಾರಣ. ವರ್ಷಗಟ್ಟಲೆ ಅಲುಗಾಡದ ಸುರುಳಿಯನ್ನು ಮೊದಲು ನಿಧಾನವಾಗಿ ಹಿಂದೆಮುಂದೆ ಸುತ್ತಿದರೆ ಇದು ಒಂದಿಷ್ಟು ತಗ್ಗುತ್ತದೆ. ನಂತರ ಮುದ್ರಿಸಿದಾಗಿನ ವೇಗ ಗುರುತಿಸಬೇಕು. ಟೇಪಿನಿಂದ ಧ್ವನಿಯನ್ನು ಓದುವ ಯಂತ್ರದ ಹೆಡ್ ಕೂದಲೆಳೆಯಷ್ಟು ಓರೆಯಿದ್ದರೂ ಸ, ಶ ಅಕ್ಷರಗಳ ಚೂಪು ಹೋಗಿ ಮಾತು ಮಂಕಾಗುತ್ತದೆ. ಹಾಗಾಗಿ ಪ್ರತಿ ಟೇಪಿಗೂ ಅದನ್ನು ಹೊಂದಿಸಬೇಕು. ಡಿಜಿಟಲ್ ಮೂಲಪ್ರತಿಯಲ್ಲಿ ಗರಗರ ಸದ್ದನ್ನೂ ತೆಗೆಯುವಂತಿಲ್ಲ. ಸದ್ದೆಂದು ತೆಗೆದದ್ದು ಯಾರದ್ದೋ ಉಸಿರಾಗಿರಬಹುದು. ಶುದ್ಧಗೊಳಿಸಿದ್ದು ಏನಿದ್ದರೂ ಬೇರೆ ಪ್ರತಿಯಲ್ಲಿ.

ಡಿಜಿಟಲ್ ಆಯಿತೆಂದು ಮೂಲ ಟೇಪ್ ಎಸೆಯುವುದಿಲ್ಲ; ನಾಳೆ ಇದಕ್ಕಿಂತ ಒಳ್ಳೆಯ ಯಂತ್ರ ಬರಬಹುದು. ಫ್ರಾಂಕ್‌ಫರ್ಟ್‌ನ ಟೇಪ್‌ಗಳು ವೀಸ್‌ಬಾಡೆನ್‌ನ ರಾಜ್ಯ ಪತ್ರಾಗಾರದಲ್ಲಿವೆ. ಧ್ವನಿ ಮತ್ತು ಪಠ್ಯವನ್ನು ಫ್ರಿಟ್ಜ್ ಬಾವರ್ ಸಂಸ್ಥೆ 2013ರಲ್ಲಿ ಅಂತರ್ಜಾಲಕ್ಕೆ ಹಾಕಿದೆ. ಜರ್ಮನ್ ಬಂದರೆ ನೀವೇ ಕೇಳಬಹುದು.