ನಿಯಮದ ಪುಸ್ತಕ ಹಿಡಿದು ಕೂತ ಸೆನೆಟರ್: ರಾಬರ್ಟ್ ಬರ್ಡ್ ಬಗ್ಗೆ ನನ್ನ ಟಿಪ್ಪಣಿ

ಅಮೆರಿಕದ ರಾಜಕೀಯ ವ್ಯವಸ್ಥೆ ಓದಲು ಕೂತಾಗ ನನ್ನ ತಲೆ ಕೆಡಿಸಿದ್ದು ಮೂರು ಪದಗಳು. ಫಿಲಿಬಸ್ಟರ್, ಕ್ಲೋಚರ್, ರಿಕನ್ಸಿಲಿಯೇಷನ್. ಅರ್ಥ ಬಾಯಿಪಾಠ ಮಾಡಿದೆ, ಎರಡೇ ದಿನಕ್ಕೆ ಮರೆತೆ. ಮತ್ತೆ ಮಾಡಿದೆ, ಮತ್ತೆ ಮರೆತೆ. ಕೊನೆಗೆ ಈ ಮೂರೂ ತಲೆಗೆ ಹತ್ತಿದ್ದು ಒಬ್ಬರ ಬದುಕನ್ನು ಹಿಂಬಾಲಿಸಿದಾಗ. ಅವರೇ ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್. 1959ರ ಜನವರಿಯಿಂದ 2010ರ ಜೂನ್ 28ರಂದು ಸಾಯುವವರೆಗೆ, 51 ವರ್ಷಕ್ಕೂ ಜಾಸ್ತಿ ಕಾಲ ಸೆನೆಟರ್ ಆಗಿದ್ದರು. ಸೆನೆಟ್ ಮಟ್ಟಿಗೆ ಇದೇ ದಾಖಲೆ. ಅದಕ್ಕೂ ಮೊದಲು ಆರು ವರ್ಷ ಕೆಳಮನೆಯಲ್ಲಿದ್ದರು. ಎರಡನ್ನೂ ಕೂಡಿಸಿ ನೋಡುವ ದಾಖಲೆಯನ್ನು ಮಾತ್ರ ಮಿಷಿಗನ್‌ನ ಜಾನ್ ಡಿಂಗೆಲ್ 2013ರಲ್ಲಿ ಮುರಿದರು.

ಶುರು ಮಾಡುವ ಮೊದಲು ಎರಡು ಗೊಂದಲ ಬಿಡಿಸಿಕೊಳ್ಳೋಣ.

ಅಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು. ಅದರ ಮೇಲ್ಮನೆ ಸೆನೆಟ್. ನಮ್ಮ ರಾಜ್ಯಸಭೆಯಲ್ಲಿ ರಾಜ್ಯದ ಜನಸಂಖ್ಯೆ ನೋಡಿ ಸೀಟು ಹಂಚುತ್ತಾರೆ. ಅಲ್ಲಿ ಹಾಗಿಲ್ಲ. ರಾಜ್ಯ ಎಷ್ಟೇ ಚಿಕ್ಕದಿರಲಿ, ಎಷ್ಟೇ ದೊಡ್ಡದಿರಲಿ, ತಲಾ ಇಬ್ಬರು. ಹಾಗಾಗಿ ಕಲ್ಲಿದ್ದಲ ಗುಡ್ಡಗಳ ಪುಟ್ಟ ರಾಜ್ಯದಿಂದ ಬಂದವರಿಗೂ ಕ್ಯಾಲಿಫೋರ್ನಿಯಾದವರಿಗೂ ಅಲ್ಲಿ ಒಂದೇ ತೂಕ. ಈ ಒಂದು ಅಂಶ ಬಿಟ್ಟರೆ ಬರ್ಡ್ ಕತೆ ಅರ್ಥವೇ ಆಗುವುದಿಲ್ಲ.

ಇನ್ನೊಂದು, ಪುಸ್ತಕಗಳಲ್ಲಿ ‘ಸೆನೆಟರ್ ಬರ್ಡ್’ ಎಂದು ಕಂಡರೆ ಯಾವ ರಾಜ್ಯದವರು ಅಂತ ನೋಡಿಕೊಳ್ಳಿ. ಪಕ್ಕದ ವರ್ಜೀನಿಯಾದಲ್ಲಿ ಹ್ಯಾರಿ ಬರ್ಡ್ ಎಂಬ ಸೆನೆಟರ್ ಇದ್ದರು, ಆಮೇಲೆ ಅವರ ಮಗನೂ ಬಂದರು. ಅದು ಬೇರೆ ಮನೆತನ. ನಾನು ಮೊದಲ ವಾರವಿಡೀ ಇಬ್ಬರನ್ನೂ ಒಂದೇ ಅಂದುಕೊಂಡು ನೋಟ್ಸ್ ಬರೆದಿದ್ದೆ.

ಹುಟ್ಟು, ಹೆಸರು

ಹುಟ್ಟಿದಾಗ ಅವರು ರಾಬರ್ಟೂ ಅಲ್ಲ, ಬರ್ಡೂ ಅಲ್ಲ. ಹೆಸರು ಕಾರ್ನೀಲಿಯಸ್ ಕ್ಯಾಲ್ವಿನ್ ಸೇಲ್ ಜೂನಿಯರ್. ಊರು ನಾರ್ತ್ ಕ್ಯಾರೊಲೈನಾದ ನಾರ್ತ್ ವಿಲ್ಕ್ಸ್‌ಬರೊ, ವರ್ಷ 1917. ಮಗುವಿಗೆ ಒಂದು ವರ್ಷ ಆಗುವ ಹೊತ್ತಿಗೆ ತಾಯಿ 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಬಲಿಯಾದರು. ತಂದೆ ಮಕ್ಕಳನ್ನು ನೆಂಟರಿಷ್ಟರಿಗೆ ಹಂಚಿದರು. ಈ ಕೂಸು ಸೋದರತ್ತೆ ಮತ್ತು ಆಕೆಯ ಗಂಡ ಟೈಟಸ್ ಬರ್ಡ್ ಅವರ ಪಾಲಿಗೆ ಬಂತು. ಅವರೇ ಹೊಸ ಹೆಸರಿಟ್ಟು ವೆಸ್ಟ್ ವರ್ಜೀನಿಯಾದ ಗಣಿ ಊರುಗಳಲ್ಲಿ ಸಾಕಿದರು. ಹಳೆಯ ಪುಸ್ತಕಗಳಲ್ಲಿ ಹುಟ್ಟಿದ ದಿನ 1918ರ ಜನವರಿ 15 ಅಂತ ಕಂಡರೆ ಗಾಬರಿ ಬೇಡ. ಅವರೂ ಅದನ್ನೇ ನಂಬಿದ್ದರು. ನಿಜವಾದದ್ದು 1917ರ ನವೆಂಬರ್ 20 ಎಂದು ಅಣ್ಣನಿಂದ ತಿಳಿದಿದ್ದು ಐವತ್ತು ದಾಟಿದ ಮೇಲೆ.

ಹೈಸ್ಕೂಲಿನಲ್ಲಿ ಎಲ್ಲರಿಗಿಂತ ಮುಂದಿದ್ದರು, ಆದರೆ ಕಾಲೇಜಿಗೆ ದುಡ್ಡಿರಲಿಲ್ಲ. ಪೆಟ್ರೋಲ್ ಬಂಕ್, ದಿನಸಿ ಅಂಗಡಿ, ಮಾಂಸದ ಅಂಗಡಿ, ಎರಡನೇ ಮಹಾಯುದ್ಧದ ಕಾಲಕ್ಕೆ ಹಡಗುಕಟ್ಟೆಯಲ್ಲಿ ವೆಲ್ಡಿಂಗ್. ಜೊತೆಗೆ ಪಿಟೀಲು. ಚುನಾವಣೆ ಪ್ರಚಾರದಲ್ಲೂ ಪಿಟೀಲು ಬಾರಿಸುತ್ತಿದ್ದರು. 1978ರಲ್ಲಿ, ಸೆನೆಟ್‌ನ ಬಹುಮತ ಪಕ್ಷದ ನಾಯಕರಾಗಿದ್ದಾಗಲೇ, ಒಂದು ಆಲ್ಬಮ್ ಕೂಡ ತಂದರು!

ಓದಿನ ಆಸೆ ಮಾತ್ರ ಬಿಡಲಿಲ್ಲ. ಸಂಸತ್ತಿನಲ್ಲಿದ್ದುಕೊಂಡೇ ರಾತ್ರಿ ತರಗತಿಗೆ ಹೋಗಿ 1963ರಲ್ಲಿ ಅಮೆರಿಕನ್ ಯೂನಿವರ್ಸಿಟಿಯಿಂದ ಕಾನೂನು ಪದವಿ ಪಡೆದರು. ಆ ವರ್ಷದ ಘಟಿಕೋತ್ಸವದಲ್ಲಿ ಭಾಷಣ ಮಾಡಿದ್ದು ಅಧ್ಯಕ್ಷ ಕೆನಡಿ. ಬಿ.ಎ. ಮುಗಿಸಿದ್ದು 1994ರಲ್ಲಿ, 76ನೇ ವಯಸ್ಸಿನಲ್ಲಿ. ಮೊದಲು ಕಾನೂನು, ಮೂವತ್ತು ವರ್ಷ ಬಿಟ್ಟು ಬಿ.ಎ.!

ಕಪ್ಪು ಅಧ್ಯಾಯ

ಕೆಲವು ಪರಿಚಯ ಲೇಖನಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಅದು ಸರಿಯಲ್ಲ. 1940ರ ದಶಕದ ಶುರುವಿನಲ್ಲಿ ಬರ್ಡ್ ಕು ಕ್ಲಕ್ಸ್ ಕ್ಲಾನ್ ಸೇರಿದರು. ಕಪ್ಪು ಜನರನ್ನು ಬೆದರಿಸಿ ಹಿಂಸಿಸುತ್ತಿದ್ದ ಬಿಳಿಯರ ಸಂಘಟನೆ ಅದು. ಸುಮ್ನೆ ಹೆಸರಿಗೆ ಸೇರಿದ್ದಲ್ಲ. ತಾವೇ ಸುಮಾರು 150 ಜನರನ್ನು ಕೂಡಿಸಿ ಸ್ಥಳೀಯ ಘಟಕ ಕಟ್ಟಿದರು, ಅದರ ಮುಖ್ಯಸ್ಥರಾದರು. ‘ನಿನಗೆ ನಾಯಕನಾಗುವ ಗುಣ ಇದೆ, ರಾಜಕೀಯಕ್ಕೆ ಹೋಗು’ ಎಂಬ ಮಾತು ಅವರಿಗೆ ಮೊದಲು ಸಿಕ್ಕಿದ್ದೂ ಕ್ಲಾನ್‌ನ ಒಬ್ಬ ದೊಡ್ಡ ತಲೆಯಿಂದಲೇ. 1946ರಲ್ಲಿ ರಾಜ್ಯ ಶಾಸನಸಭೆಗೆ ಗೆದ್ದರು. 1952ರಲ್ಲಿ ವಾಷಿಂಗ್ಟನ್‌ಗೆ ಹೋಗಲು ನಿಂತಾಗ ಹಳೆಯದು ಹೊರಬಂತು. ಒಂದು ವರ್ಷದಲ್ಲೇ ಆಸಕ್ತಿ ಹೋಯಿತು ಎಂದರು. ಆದರೆ ಕ್ಲಾನ್ ಬೇಕು ಎಂದು 1946ರಲ್ಲಿ ಬರೆದ ಪತ್ರ ಆ ಮಾತಿಗೆ ಅಡ್ಡ ನಿಂತಿತು. ಆದರೂ ಗೆದ್ದರು.

ಈಗ ಫಿಲಿಬಸ್ಟರ್‌ಗೆ ಬರೋಣ. ಸೆನೆಟ್‌ನಲ್ಲಿ ಮಾತಿಗೆ ಗಡಿಯಾರ ಇಲ್ಲ. ಒಬ್ಬರು ಎದ್ದು ನಿಂತರೆ ಕಾಲು ಸೋಲುವವರೆಗೆ ಮಾತಾಡಬಹುದು. ಮಸೂದೆ ಬೇಡದವರು ಸರದಿಯ ಮೇಲೆ ಮಾತಾಡುತ್ತಾ ಮತದಾನವೇ ಆಗದಂತೆ ತಡೆಯುತ್ತಾರೆ. ಇದೇ ಫಿಲಿಬಸ್ಟರ್. ‘ಮಾತು ಸಾಕು, ಮತಕ್ಕೆ ಹಾಕಿ’ ಅಂತ ಸದನವೇ ನಿರ್ಧರಿಸುವುದು ಕ್ಲೋಚರ್. ಆಗ ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಅಂದರೆ ಎಲ್ಲರೂ ಹಾಜರಿದ್ದರೆ 67. 1975ರ ನಂತರ ಅದು 60ಕ್ಕೆ ಇಳಿಯಿತು. ವರ್ಷ ನೋಡಿ ಸಂಖ್ಯೆ ಬರೆಯಿರಿ, ಅದಲು ಬದಲು ಮಾಡಬೇಡಿ.

ಕಪ್ಪು ಜನರ ವಿರುದ್ಧದ ತಾರತಮ್ಯ ನಿಷೇಧಿಸುವ 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ದಕ್ಷಿಣದ ಸೆನೆಟರ್‌ಗಳು ಎರಡು ತಿಂಗಳಿಗೂ ಹೆಚ್ಚು ಕಾಲ ಹೀಗೆ ಹಿಡಿದಿಟ್ಟರು. ಅವರಲ್ಲಿ ಕೊನೆಯ ದೊಡ್ಡ ಭಾಷಣ ಬರ್ಡ್ ಅವರದು. ಜೂನ್ 9ರ ಸಂಜೆ ಎದ್ದು ನಿಂತವರು ಕೂತಿದ್ದು ಮರುದಿನ ಬೆಳಿಗ್ಗೆ. 14 ಗಂಟೆ 13 ನಿಮಿಷ. ಅವರು ಕೂತ ಸ್ವಲ್ಪ ಹೊತ್ತಿಗೇ ಕ್ಲೋಚರ್ ಮತದಾನ ನಡೆಯಿತು. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಮಿದುಳಿನ ಗಡ್ಡೆಯಿಂದ ಮಾತು ನಿಂತುಹೋಗಿತ್ತು. ಹೆಸರು ಕೂಗಿದಾಗ ಅವರು ಬೆರಳಿನಿಂದ ತಮ್ಮ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೆ ‘ಐ’, ಸದನದಲ್ಲಿ ‘ಹೌದು’ ಎನ್ನಲೂ ‘ಐ’. ಅದನ್ನು ಮತ ಎಂದು ಲೆಕ್ಕ ಹಾಕಿದರು. 71-29. ನಾಗರಿಕ ಹಕ್ಕುಗಳ ಮಸೂದೆಯೊಂದರ ಮೇಲಿನ ಫಿಲಿಬಸ್ಟರ್ ಮುರಿದದ್ದು ಅದೇ ಮೊದಲು. ರಾತ್ರಿಯೆಲ್ಲ ನಿಂತು ಆಡಿದ ಮಾತನ್ನು ಒಂದು ಬೆರಳು ಸೋಲಿಸಿತು ಅಂತ ನನ್ನ ನೋಟ್ಸ್‌ನಲ್ಲಿ ಬರೆದುಕೊಂಡಿದ್ದೇನೆ.

ಮುಂದಿನ ವರ್ಷದ ಮತದಾನ ಹಕ್ಕು ಕಾಯ್ದೆಗೂ ಬರ್ಡ್ ವಿರೋಧ. 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ನೇಮಕಕ್ಕೂ ವಿರೋಧ. ಆಮೇಲೆ ನಿಧಾನಕ್ಕೆ ಬದಲಾದರು. 1982ರಲ್ಲಿ ಹದಿಹರೆಯದ ಮೊಮ್ಮಗ ಅಪಘಾತದಲ್ಲಿ ತೀರಿಕೊಂಡ. ಕಪ್ಪು ತಂದೆತಾಯಿಗಳಿಗೂ ಮಕ್ಕಳ ಮೇಲೆ ತನ್ನಷ್ಟೇ ಪ್ರೀತಿ ಇರುತ್ತದಲ್ಲವೇ ಎಂಬ ಯೋಚನೆ ಆ ದುಃಖದಲ್ಲಿ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದಿನ ವರ್ಷ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜಾದಿನಕ್ಕೆ ಮತ ಹಾಕಿದರು. ಕ್ಲಾನ್ ಸೇರಿದ್ದು ತಪ್ಪು ಎಂದು ಮತ್ತೆ ಮತ್ತೆ ಕ್ಷಮೆ ಕೇಳಿದರು. ಆದರೂ 2001ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಜನಾಂಗೀಯ ಬೈಗುಳ ಬಾಯಿಂದ ಬಂತು, ಅದಕ್ಕೂ ಕ್ಷಮೆ ಕೇಳಬೇಕಾಯಿತು. ಬದಲಾವಣೆ ನಿಜ ಅಂತಲೇ ನನಗನ್ನಿಸುತ್ತದೆ. ಆದರೆ 1964ರ ಆ ರಾತ್ರಿಯನ್ನು ಅದು ಅಳಿಸುವುದಿಲ್ಲ.

ಚಿಕ್ಕ ಕೆಲಸ ಮಾಡಿ ದೊಡ್ಡವರಾದ ಬಗೆ

ನನಗೆ ತುಂಬ ಇಷ್ಟವಾದ ಭಾಗ ಇದು. ಬರ್ಡ್ ಅವರ ಹಿಂದೆ ಶ್ರೀಮಂತ ಮನೆತನ ಇರಲಿಲ್ಲ, ದೊಡ್ಡ ರಾಜ್ಯವೂ ಇರಲಿಲ್ಲ. 1967ರಲ್ಲಿ ಡೆಮಾಕ್ರಟಿಕ್ ಪಕ್ಷದ ಸೆನೆಟರ್‌ಗಳ ಗುಂಪಿಗೆ ಕಾರ್ಯದರ್ಶಿಯಾದರು. ಚಿಕ್ಕ ಹುದ್ದೆ. ಅವರು ಅದನ್ನು ಹಿಡಿದು ಸದನದಲ್ಲೇ ಬಿಡಾರ ಹೂಡಿದರು. ಯಾರದ್ದೋ ತಿದ್ದುಪಡಿ ಯಾವ ಹೊತ್ತಿಗೆ ಬರುತ್ತದೆ ನೋಡಿ ಹೇಳುವುದು, ಊರಿಗೆ ಹೋದವರ ಪರವಾಗಿ ಕಾರ್ಯಕಲಾಪ ಗಮನಿಸುವುದು, ಸಣ್ಣ ಉಪಕಾರಕ್ಕೂ ಥ್ಯಾಂಕ್ಸ್ ಚೀಟಿ ಬರೆಯುವುದು. ಜೊತೆಗೆ ಸದನದ ನಿಯಮಗಳನ್ನೂ ಹಿಂದಿನ ತೀರ್ಪುಗಳನ್ನೂ ಅರೆದು ಕುಡಿದರು.

1969ರಲ್ಲಿ ವಿಪ್ ಆದವರು ಟೆಡ್ ಕೆನಡಿ, ಅಧ್ಯಕ್ಷರಾಗಿದ್ದ ಜಾನ್ ಕೆನಡಿಯ ತಮ್ಮ. ಇಲ್ಲೊಂದು ಎಚ್ಚರಿಕೆ: ನಮ್ಮಲ್ಲಿ ವಿಪ್ ಅಂದರೆ ಪಕ್ಷ ಹೊರಡಿಸುವ ಆದೇಶ ಅಂತಲೂ ಅರ್ಥ, ಮೀರಿದರೆ ಸದಸ್ಯತ್ವವೇ ಹೋಗಬಹುದು. ಅಲ್ಲಿ ಅದು ನಾಯಕರ ನಂತರದ ಸ್ಥಾನ ಅಷ್ಟೆ, ಕೆಲಸ ಮತ ಎಣಿಸುವುದು, ಓಲೈಸುವುದು. 1971ರ ಜನವರಿ 21ರಂದು ಬರ್ಡ್ ಆ ಹುದ್ದೆಗೆ ಕೆನಡಿ ವಿರುದ್ಧ ನಿಂತರು. ಜಾರ್ಜಿಯಾದ ಹಿರಿಯ ಸೆನೆಟರ್ ರಿಚರ್ಡ್ ರಸೆಲ್ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದರು. ತಮ್ಮ ಮತವನ್ನು ಬರ್ಡ್‌ಗೆ ಬರೆದುಕೊಟ್ಟಿದ್ದರು. ಅವರು ಇನ್ನೂ ಬದುಕಿದ್ದಾರೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಬರ್ಡ್ ಕಣಕ್ಕಿಳಿದರು. 31-24ರಲ್ಲಿ ಗೆದ್ದರು. ರಸೆಲ್ ಅದೇ ದಿನ ತೀರಿಕೊಂಡರು. ಮಾಜಿ ಅಧ್ಯಕ್ಷರ ತಮ್ಮನನ್ನು ಕಲ್ಲಿದ್ದಲ ಗಣಿ ಕಾರ್ಮಿಕನ ಸಾಕುಮಗ ಸೋಲಿಸಿದ್ದು ಭಾಷಣದಿಂದ ಅಲ್ಲ, ಎಣಿಕೆಯಿಂದ.

1977ರಲ್ಲಿ ಬಹುಮತ ಪಕ್ಷದ ನಾಯಕರಾದರು. 1981ರಿಂದ ವಿರೋಧ ಪಕ್ಷದ ನಾಯಕ, 1987ರಿಂದ 1989ರವರೆಗೆ ಮತ್ತೆ ಬಹುಮತ ನಾಯಕ. 1988ರ ಫೆಬ್ರವರಿಯಲ್ಲಿ ಚುನಾವಣಾ ಖರ್ಚಿನ ಮಸೂದೆ ಮೇಲೆ ಜಗಳ. ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಆಗದಿರಲಿ ಅಂತ ರಿಪಬ್ಲಿಕನ್ನರು ಸದನಕ್ಕೇ ಬರಲಿಲ್ಲ. ಬರ್ಡ್ ನಿಯಮದ ಪುಸ್ತಕ ತೆಗೆದರು: ಬಾರದವರನ್ನು ಹಿಡಿದು ತರಿಸಬಹುದು. ಆರೆಗನ್‌ನ ಸೆನೆಟರ್ ಬಾಬ್ ಪ್ಯಾಕ್‌ವುಡ್ ಅವರನ್ನು ಸಿಬ್ಬಂದಿ ನಿಜಕ್ಕೂ ಎತ್ತಿಕೊಂಡು, ಕಾಲು ಮುಂದಾಗಿ, ಸದನದೊಳಗೆ ತಂದಿಳಿಸಿದರು. ಇಷ್ಟಾದರೂ ಮಸೂದೆ ಪಾಸಾಗಲಿಲ್ಲ!

ಊರಿಗೆ ಬಾಚಿದ್ದು

1989ರಲ್ಲಿ ನಾಯಕ ಸ್ಥಾನವನ್ನು ತಾವಾಗಿಯೇ ಬಿಟ್ಟು ಅಪ್ರೋಪ್ರಿಯೇಷನ್ಸ್ ಸಮಿತಿಯ ಅಧ್ಯಕ್ಷರಾದರು. ಸರ್ಕಾರದ ಹಣ ಎಲ್ಲಿಗೆ ಎಷ್ಟು ಅಂತ ತೀರ್ಮಾನಿಸುವ ಸಮಿತಿ ಅದು. ರಾಜ್ಯಕ್ಕೆ ನೂರು ಕೋಟಿ ಡಾಲರ್ ತರುತ್ತೇನೆ ಎಂದು ಮಾತು ಕೊಟ್ಟರು, ಗಡುವಿಗೆ ಮುಂಚೆಯೇ ತಂದರು. ಎಫ್‌ಬಿಐನ ಬೆರಳಚ್ಚು ವಿಭಾಗ ವಾಷಿಂಗ್ಟನ್ ಬಿಟ್ಟು ಕ್ಲಾರ್ಕ್ಸ್‌ಬರ್ಗ್‌ಗೆ ಬಂತು. ಗ್ರೀನ್ ಬ್ಯಾಂಕ್‌ನಲ್ಲಿ 1988ರಲ್ಲಿ ಹಳೆಯ ರೇಡಿಯೋ ದೂರದರ್ಶಕ ಕುಸಿದುಬಿದ್ದ ಜಾಗಕ್ಕೆ ಹೊಸದು ಬಂತು. ಅದರ ಹೆಸರೂ ರಾಬರ್ಟ್ ಸಿ. ಬರ್ಡ್. ರಸ್ತೆ, ಸೇತುವೆ, ಆಸ್ಪತ್ರೆ, ಕಟ್ಟಡ, ಎಲ್ಲೆಲ್ಲೂ ಅದೇ ಹೆಸರು. ಹೀಗೆ ಸ್ವಂತ ಕ್ಷೇತ್ರಕ್ಕೆ ಹಣ ಬಾಚುವುದಕ್ಕೆ ಅಲ್ಲಿ ‘ಪೋರ್ಕ್’ ಅನ್ನುತ್ತಾರೆ. ದುಡ್ಡು ಪೋಲು ಮಾಡುತ್ತಾರೆಂದು ದೂರುವವರಿಗೆ ಬರ್ಡ್ ಅದರ ರಾಜ. ಅವರ ರಾಜ್ಯದ ಬಡವರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು, ಅಲ್ವಾ?

ನಮಗೂ ತಟ್ಟಿದ ಒಂದು ಸಂಗತಿ ಇದೆ. 1997ರಲ್ಲಿ ಕ್ಯೋಟೋ ಹವಾಮಾನ ಒಪ್ಪಂದಕ್ಕೆ ಮೊದಲು ಬರ್ಡ್ ಮತ್ತು ಇನ್ನೊಬ್ಬ ಸೆನೆಟರ್ ಚಕ್ ಹೇಗಲ್ ಒಂದು ಗೊತ್ತುವಳಿ ತಂದರು. ಭಾರತ, ಚೀನಾದಂಥ ಬೆಳೆಯುತ್ತಿರುವ ದೇಶಗಳಿಗೂ ಮಿತಿ ಇಲ್ಲದಿದ್ದರೆ ಅಮೆರಿಕ ಸಹಿ ಹಾಕಬಾರದು ಎಂಬುದು ಅದರ ತಿರುಳು. 95-0ರಲ್ಲಿ ಪಾಸಾಯಿತು. ಹಿಂದೆ ಇದ್ದದ್ದು ಕಲ್ಲಿದ್ದಲು ಅಂತ ಬಿಡಿಸಿ ಹೇಳಬೇಕಿಲ್ಲ. ವಿಚಿತ್ರ ಅಂದರೆ, ಕಲ್ಲಿದ್ದಲು ಉದ್ಯಮ ಬದಲಾಗಲೇಬೇಕು ಎಂದು 2009ರಲ್ಲಿ ಬರೆದವರೂ ಅವರೇ.

ಕೊನೆಯ ವರ್ಷಗಳನ್ನು ಚುಟುಕಾಗಿ ಮುಗಿಸುತ್ತೇನೆ. ಜೇಬಿನಲ್ಲಿ ಸದಾ ಸಂವಿಧಾನದ ಪುಟ್ಟ ಪ್ರತಿ. ತಾನು ಅಧ್ಯಕ್ಷರ ‘ಕೈಕೆಳಗೆ’ ಅಲ್ಲ, ‘ಜೊತೆಗೆ’ ಕೆಲಸ ಮಾಡಿದವನು ಎಂಬ ಹಟ. 2002ರ ಅಕ್ಟೋಬರ್‌ನಲ್ಲಿ ಇರಾಕ್ ಯುದ್ಧಕ್ಕೆ ಅನುಮತಿ ಬೇಡ ಎಂದ 23 ಸೆನೆಟರ್‌ಗಳಲ್ಲಿ ಒಬ್ಬರು. ಯುದ್ಧ ಸಾರುವ ಅಧಿಕಾರವನ್ನು ಸಂಸತ್ತು ಅಧ್ಯಕ್ಷರ ಕೈಗೆ ಕೊಡಬಾರದು ಎಂಬುದು ಅವರ ವಾದ.

ಉಳಿದದ್ದು ರಿಕನ್ಸಿಲಿಯೇಷನ್. ಬಜೆಟ್‌ಗೆ ಸಂಬಂಧಪಟ್ಟ ಮಸೂದೆಗಳಿಗೆ ಒಂದು ಅಡ್ಡದಾರಿ ಇದೆ. ಚರ್ಚೆಗೆ 20 ಗಂಟೆ ಮಿತಿ, ಹಾಗಾಗಿ ಫಿಲಿಬಸ್ಟರ್ ನಡೆಯುವುದಿಲ್ಲ, ಸರಳ ಬಹುಮತ ಸಾಕು. ಸುಲಭದ ದಾರಿ ಅಂದ ಮೇಲೆ ಎಲ್ಲರೂ ತಮ್ಮ ಸಾಮಾನನ್ನೂ ಅದೇ ಗಾಡಿಗೆ ಹೇರತೊಡಗಿದರು. ಅದಕ್ಕೆ 1985ರಲ್ಲಿ ‘ಬರ್ಡ್ ನಿಯಮ’ ಬಂತು. ಸರ್ಕಾರದ ಆದಾಯ ಅಥವಾ ಖರ್ಚಿಗೆ ನೇರ ಸಂಬಂಧ ಇಲ್ಲದ್ದು ಆ ಮಸೂದೆಯಲ್ಲಿ ಇರಬಾರದು. ಉಳಿಸಿಕೊಳ್ಳಬೇಕಾದರೆ 60 ಮತ ಬೇಕು.

1993ರಲ್ಲಿ ಅಧ್ಯಕ್ಷ ಕ್ಲಿಂಟನ್ ತಮ್ಮ ಆರೋಗ್ಯ ಸುಧಾರಣೆಯನ್ನು ಈ ದಾರಿಯಲ್ಲಿ ಬಿಡಿ ಎಂದು ಬೇಡಿಕೊಂಡರು. ತಮ್ಮದೇ ಪಕ್ಷದ ಅಧ್ಯಕ್ಷರಿಗೆ ಬರ್ಡ್ ಆಗಲ್ಲ ಅಂದರು. ಅಷ್ಟು ದೊಡ್ಡ ವಿಷಯ ಪೂರ್ತಿ ಚರ್ಚೆ ಇಲ್ಲದೆ ಹೋಗಬಾರದು ಎಂಬುದು ಅವರ ಕಾರಣ. ಆ ಸುಧಾರಣೆ ಮರುವರ್ಷ ಸತ್ತಿತು. ಹದಿನಾರು ವರ್ಷ ಬಿಟ್ಟು, 2009ರ ಡಿಸೆಂಬರ್ 24ರ ಬೆಳಿಗ್ಗೆ, ಒಬಾಮ ಅವರ ಆರೋಗ್ಯ ಮಸೂದೆ ಸಾಮಾನ್ಯ ದಾರಿಯಲ್ಲೇ 60 ಮತಗಳಿಂದ ಪಾಸಾಯಿತು. 92 ವರ್ಷದ ಬರ್ಡ್ ಗಾಲಿಕುರ್ಚಿಯಲ್ಲಿ ಬಂದು, ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ ಎಂದು ಹೇಳಿ ಮತ ಹಾಕಿದರು. 1971ರಲ್ಲಿ ತಾವೇ ಸೋಲಿಸಿದ್ದ ಕೆನಡಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಬಜೆಟ್ ಮಸೂದೆ ಬಂದಾಗಲೆಲ್ಲ ಸೆನೆಟ್‌ನ ನಿಯಮತಜ್ಞರು ಒಂದೊಂದೇ ಸಾಲು ತೊಳೆದು ನೋಡುತ್ತಾರೆ. 2021ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಎಂಬ ಅಂಶ ಹೊರಬಿದ್ದದ್ದು ಹೀಗೇ. ಈ ತೊಳೆಯುವ ಕೆಲಸಕ್ಕೆ ಅಲ್ಲಿನವರು ಇಟ್ಟ ಹೆಸರು ‘ಬರ್ಡ್ ಬಾತ್’. ಕಿವಿಗೆ ಹಕ್ಕಿ ಸ್ನಾನದ ತೊಟ್ಟಿ ಅಂತಲೇ ಕೇಳುತ್ತದೆ. ಪರೀಕ್ಷೆಯಲ್ಲಿ ಕೇಳಿದರೆ ಹಕ್ಕಿ ಅಂತ ಬರೆದುಬಿಡಬೇಡಿ.